ರೂಮೋ ಏರಿಯಾವೋ: ಕಟ್ಟಡದ ಮಾಡೆಲಿನಲ್ಲಿ ವಿಸ್ತೀರ್ಣ ಅಳೆಯಲು ಸರಿಯಾದ ಅಂಶವನ್ನು ಆರಿಸುವ ಬಗೆ

ಕಟ್ಟಡದ ಮಾಡೆಲ್ ರಚಿಸುವ ರೆವಿಟ್ ಎಂಬ ಸಾಫ್ಟ್‌ವೇರಿನಲ್ಲಿ ಕಟ್ಟಡದ ಒಂದು ಭಾಗ ಎಷ್ಟು ಚದರ ಮೀಟರ್ ಇದೆಯೆಂದು ತಿಳಿಯಲು ಎರಡು ಅಂಶಗಳಿವೆ: ಒಂದು ರೂಮ್, ಇನ್ನೊಂದು ಏರಿಯಾ. ಎರಡಕ್ಕೂ ಹೆಸರು ಮತ್ತು ಸಂಖ್ಯೆ ಕೊಡಬಹುದು, ಟ್ಯಾಗ್ ಹಾಕಬಹುದು, ಶೆಡ್ಯೂಲ್ ಎಂಬ ಕೋಷ್ಟಕದಲ್ಲಿ ಪಟ್ಟಿ ಮಾಡಿ ಮೊತ್ತ ತೆಗೆಯಬಹುದು, ನಕ್ಷೆಯಲ್ಲಿ ಬಣ್ಣ ತುಂಬಿ ತೋರಿಸಬಹುದು. ಹೊರನೋಟಕ್ಕೆ ಇಷ್ಟೊಂದು ಹೋಲಿಕೆ ಇರುವುದರಿಂದ, ತಾವು ಮೊದಲು ಕಲಿತದ್ದು ಯಾವುದೋ ಅದನ್ನೇ ಎಲ್ಲ ಕೆಲಸಕ್ಕೂ ಬಳಸುವವರು ಬಹಳ ಮಂದಿ. ಆರಂಭದಲ್ಲಿ ಇದರಿಂದ ಯಾವ ತೊಂದರೆಯೂ ಕಾಣಿಸುವುದಿಲ್ಲ. ವಿನ್ಯಾಸ ಮುಂದುವರಿದು, ಅನುಮತಿಗೆ ಒಂದು ಪಟ್ಟಿ, ಬಾಡಿಗೆ ಕರಾರಿಗೆ ಇನ್ನೊಂದು ಪಟ್ಟಿ, ನೆಲಹಾಸು ಹಾಕುವ ಗುತ್ತಿಗೆದಾರನಿಗೆ ಮತ್ತೊಂದು ಪಟ್ಟಿ ಬೇಕಾದಾಗ, ಒಂದೇ ಮಾಡೆಲಿನಿಂದ ಹೊರಟ ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಆಗ ಯಾವ ಸಂಖ್ಯೆ ಸರಿ ಎಂದು ಹೇಳಲು ಯಾರಿಗೂ ಸಾಧ್ಯವಾಗುವುದಿಲ್ಲ.

ಈ ಬರಹದಲ್ಲಿ ಅಳತೆಯಿಂದ ಸಿಗುವ ಸಂಖ್ಯೆಯನ್ನು ವಿಸ್ತೀರ್ಣವೆಂದೂ, ಸಾಫ್ಟ್‌ವೇರಿನಲ್ಲಿರುವ ಅಂಶವನ್ನು ಏರಿಯಾ ಎಂದೂ ಕರೆದಿದ್ದೇನೆ. ಎರಡನ್ನೂ ಬೆರೆಸದೆ ಓದಬೇಕೆಂದು ಕೋರುತ್ತೇನೆ.

ಆಯ್ಕೆಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ವಿಸ್ತೀರ್ಣದ ಎಲ್ಲೆಯನ್ನು ನಿರ್ಧರಿಸುವುದು ಕಟ್ಟಿದ ಗೋಡೆಯೋ, ಅಥವಾ ಬರೆದಿಟ್ಟ ನಿಯಮವೋ? ಗೋಡೆ, ಕಂಬ, ಸೀಲಿಂಗ್‌ಗಳ ನಡುವೆ ನಿಜವಾಗಿ ಎಷ್ಟು ಜಾಗ ಉಳಿದಿದೆ ಎಂದು ತಿಳಿಯಬೇಕಾದರೆ ರೂಮ್ ಬಳಸಬೇಕು. ಒಂದು ಕರಾರು, ಒಂದು ಅಳತೆಯ ಮಾನದಂಡ ಅಥವಾ ಒಂದು ಕಾನೂನು ಎಲ್ಲಿಂದ ಎಲ್ಲಿಯವರೆಗೆ ಎಣಿಸಬೇಕೆಂದು ಹೇಳಿದ್ದರೆ ಏರಿಯಾ ಬಳಸಬೇಕು. ಬಹುತೇಕ ದೊಡ್ಡ ಯೋಜನೆಗಳಲ್ಲಿ ಈ ಎರಡೂ ಪ್ರಶ್ನೆಗಳು ಬರುತ್ತವೆ, ಹಾಗಾಗಿ ಎರಡೂ ಅಂಶಗಳು ಬೇಕಾಗುತ್ತವೆ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೊರಟಾಗಲೇ ಮಾಡೆಲ್ ಕೆಡುತ್ತದೆ.

ರೂಮ್‌ಗೆ ಏನೆಲ್ಲ ಗೊತ್ತಿರುತ್ತದೆ

ರೂಮ್ ಮೂರು ಆಯಾಮಗಳ ಅಂಶ. ಅದನ್ನು ಒಂದು ಲೆವೆಲ್‌ನಲ್ಲಿ, ಅಂದರೆ ಮಹಡಿಯ ಮಟ್ಟದಲ್ಲಿ, ಇಟ್ಟ ಕೂಡಲೇ ಅದು ತನ್ನ ಸುತ್ತಲಿನ ಗೋಡೆ, ಕಂಬ, ಕರ್ಟನ್ ವಾಲ್‌ಗಳನ್ನು ಹುಡುಕಿಕೊಂಡು ಅವುಗಳವರೆಗೆ ತಾನೇ ಹರಡಿಕೊಳ್ಳುತ್ತದೆ. ಗೋಡೆ ಸರಿದರೆ ವಿಸ್ತೀರ್ಣ ತಾನಾಗಿ ಬದಲಾಗುತ್ತದೆ. ಯಾವ ಅಂಶ ಎಲ್ಲೆಯಾಗಬೇಕು ಎಂಬುದನ್ನು ಆ ಅಂಶದ ರೂಮ್ ಬೌಂಡಿಂಗ್ ಎಂಬ ಗುಣ ನಿರ್ಧರಿಸುತ್ತದೆ. ಶೌಚಾಲಯದೊಳಗಿನ ಕುಳ್ಳ ಅಡ್ಡಗೋಡೆ ಅಥವಾ ಅಲಂಕಾರಕ್ಕೆ ನಿಲ್ಲಿಸಿದ ಕಂಬ ಎಲ್ಲೆಯಾಗಬಾರದೆಂದಿದ್ದರೆ ಅದರ ಈ ಗುರುತನ್ನು ತೆಗೆದರೆ ಸಾಕು. ಗೋಡೆಯಿಲ್ಲದ ಕಡೆ, ಉದಾಹರಣೆಗೆ ಊಟದ ಜಾಗವೂ ಕೂರುವ ಜಾಗವೂ ಒಂದೇ ಹಜಾರದಲ್ಲಿದ್ದಾಗ, ರೂಮ್ ಸೆಪರೇಟರ್ ಎಂಬ ಗೆರೆ ಎಳೆದು ಬೇರ್ಪಡಿಸಬಹುದು.

ಆದರೆ ರೂಮ್‌ನ ಬೆಲೆ ಇರುವುದು ವಿಸ್ತೀರ್ಣದಲ್ಲಿ ಮಾತ್ರವಲ್ಲ, ಅದು ಸುತ್ತಲಿನ ಅಂಶಗಳೊಂದಿಗೆ ಇಟ್ಟುಕೊಂಡಿರುವ ಸಂಬಂಧದಲ್ಲಿ. ಒಂದು ಬಾಗಿಲು ಯಾವ ರೂಮ್‌ನಿಂದ ಯಾವ ರೂಮ್‌ಗೆ ತೆರೆಯುತ್ತದೆ ಎಂಬುದು ಬಾಗಿಲಿನ ಶೆಡ್ಯೂಲಿನಲ್ಲಿ ಬರಬೇಕಾದರೆ ಎರಡೂ ಕಡೆ ರೂಮ್ ಇರಬೇಕು. ಕುರ್ಚಿ, ಮೇಜು, ಸಲಕರಣೆಗಳು ಯಾವ ಕೋಣೆಯಲ್ಲಿವೆ ಎಂದು ಪಟ್ಟಿ ಮಾಡುವುದು ರೂಮ್ ಇದ್ದಾಗ ಮಾತ್ರ ಸಾಧ್ಯ. ನೆಲದ, ಗೋಡೆಯ, ಸೀಲಿಂಗಿನ ಮತ್ತು ಬುಡಪಟ್ಟಿಯ ಮುಕ್ತಾಯ (ಫಿನಿಶ್) ಯಾವುದು, ಕೋಣೆ ಯಾವ ವಿಭಾಗಕ್ಕೆ ಸೇರಿದೆ, ಅದರ ಬಳಕೆ ಏನು ಎಂಬುದನ್ನೆಲ್ಲ ಬರೆಯಲು ರೂಮ್‌ನಲ್ಲಿ ಮೊದಲೇ ಜಾಗಗಳಿವೆ. ಮಾಡೆಲನ್ನು ಐಎಫ್‌ಸಿ ಎಂಬ ಸಾಮಾನ್ಯ ಫೈಲ್ ರೂಪದಲ್ಲಿ ಬೇರೆ ಸಾಫ್ಟ್‌ವೇರಿಗೆ ಕಳುಹಿಸಿದಾಗ ರೂಮ್‌ಗಳು ಐಎಫ್‌ಸಿ ಸ್ಪೇಸ್ ಎಂಬ ಅಂಶಗಳಾಗಿ ಹೋಗುತ್ತವೆ. ಕಟ್ಟಡದ ನಿರ್ವಹಣೆಗೆ ಮಾಡೆಲನ್ನು ಬಳಸುವವರು ಮೊದಲು ಹುಡುಕುವುದು ಇವನ್ನೇ.

ಇಡೀ ವಿನ್ಯಾಸಕ್ಕೆ ಮೊದಲೇ ಬೇಕಾದ ಕೋಣೆಗಳ ಪಟ್ಟಿ ಕೈಯಲ್ಲಿದ್ದರೆ, ನಕ್ಷೆಯಲ್ಲಿ ಇನ್ನೂ ಗೋಡೆಯಿಲ್ಲದಾಗಲೇ ರೂಮ್ ಶೆಡ್ಯೂಲಿನಲ್ಲಿ ಸಾಲುಗಳನ್ನು ಸೇರಿಸಿ ಆ ಕೋಣೆಗಳನ್ನೆಲ್ಲ ಬರೆದಿಡಬಹುದು. ಅವು ನಾಟ್ ಪ್ಲೇಸ್ಡ್ (ಇನ್ನೂ ಇಟ್ಟಿಲ್ಲ) ಎಂದು ತೋರುತ್ತಿದ್ದು, ವಿನ್ಯಾಸ ರೂಪುಗೊಂಡಂತೆ ಒಂದೊಂದಾಗಿ ನಕ್ಷೆಗೆ ಇಳಿಯುತ್ತವೆ. ಯಾವ ಕೋಣೆಗೆ ಇನ್ನೂ ಜಾಗ ಸಿಕ್ಕಿಲ್ಲ ಎಂಬುದು ಸದಾ ಕಣ್ಣ ಮುಂದಿರುತ್ತದೆ. ಆಸ್ಪತ್ರೆ, ಪ್ರಯೋಗಾಲಯ, ಶಾಲೆಗಳಂತಹ ನೂರಾರು ಕೋಣೆಗಳ ಕಟ್ಟಡಗಳಲ್ಲಿ ಇದಕ್ಕಿಂತ ಉಪಯುಕ್ತವಾದ ಪದ್ಧತಿ ನನಗೆ ಕಂಡಿಲ್ಲ.

ರೂಮ್‌ಗೆ ಎರಡು ಮಿತಿಗಳಿವೆ. ಎರಡನ್ನೂ ಚೆನ್ನಾಗಿ ತಿಳಿದಿರಬೇಕು. ಮೊದಲನೆಯದು, ಒಂದೇ ಮುಚ್ಚಿದ ಜಾಗದಲ್ಲಿ ಒಂದೇ ರೂಮ್ ಇರಬಹುದು. ಇನ್ನೊಂದನ್ನು ಇಟ್ಟರೆ ಎಚ್ಚರಿಕೆ ಬಂದು ಶೆಡ್ಯೂಲಿನಲ್ಲಿ ರಿಡಂಡೆಂಟ್ ರೂಮ್ ಎಂದು ಕಾಣುತ್ತದೆ. ರೂಮ್‌ಗಳನ್ನು ಒಂದರೊಳಗೊಂದು ಇಡಲಾಗುವುದಿಲ್ಲವಾದ್ದರಿಂದ, ನಾಲ್ಕು ಕೋಣೆಗಳನ್ನೂ ನಡುಗೋಡೆಗಳನ್ನೂ ಒಳಗೊಂಡ ಇಡೀ ಫ್ಲ್ಯಾಟ್ ಎಂಬುದನ್ನು ರೂಮ್ ಆಗಿ ಹೇಳಲು ಬರುವುದಿಲ್ಲ. ಎರಡನೆಯದು, ರೂಮ್ ಗೋಡೆಯ ಯಾವ ಭಾಗದವರೆಗೆ ಅಳೆಯಬೇಕು ಎಂಬುದಕ್ಕೆ ಇಡೀ ಪ್ರಾಜೆಕ್ಟಿಗೆ ಒಂದೇ ಆಯ್ಕೆಯಿದೆ. ಏರಿಯಾ ಅಂಡ್ ವಾಲ್ಯೂಮ್ ಕಂಪ್ಯುಟೇಷನ್ಸ್ ಎಂಬ ಕಿಟಕಿಯಲ್ಲಿ ನಾಲ್ಕು ಆಯ್ಕೆಗಳು ಕಾಣುತ್ತವೆ: ಗೋಡೆಯ ಮುಕ್ತಾಯದ ಮೇಲ್ಮೈ, ಗೋಡೆಯ ಮಧ್ಯರೇಖೆ, ಗೋಡೆಯ ಕೋರ್ ಪದರದ (ಗಿಲಾವಿನ ಒಳಗಿನ ಮುಖ್ಯ ಪದರ) ಮೇಲ್ಮೈ, ಕೋರ್ ಪದರದ ಮಧ್ಯರೇಖೆ. ಇದನ್ನು ಬದಲಿಸಿದರೆ ಪ್ರಾಜೆಕ್ಟಿನ ಪ್ರತಿಯೊಂದು ರೂಮ್‌ನ ವಿಸ್ತೀರ್ಣವೂ ಒಮ್ಮೆಗೇ ಬದಲಾಗುತ್ತದೆ.

ಆ ಬದಲಾವಣೆ ಎಷ್ಟರಮಟ್ಟಿನದೆಂದು ಒಂದು ಲೆಕ್ಕದಿಂದ ನೋಡೋಣ. ಗಿಲಾವು ಮಾಡಿದ ಮೇಲೆ ಒಳಗೆ 4 ಮೀಟರ್ ಉದ್ದ, 3 ಮೀಟರ್ ಅಗಲ ಉಳಿದಿರುವ ಕೋಣೆಯೊಂದಿದೆ. ಸುತ್ತಲಿನ ಗೋಡೆಗಳಲ್ಲಿ 200 ಮಿಲಿಮೀಟರ್ ಕೋರ್, ಎರಡೂ ಬದಿಗೆ 15 ಮಿಲಿಮೀಟರ್ ಗಿಲಾವು ಇದೆ ಎಂದುಕೊಳ್ಳೋಣ. ಮುಕ್ತಾಯದ ಮೇಲ್ಮೈವರೆಗೆ ಅಳೆದರೆ 12.00 ಚದರ ಮೀಟರ್ ಬರುತ್ತದೆ. ಕೋರ್ ಪದರದ ಮೇಲ್ಮೈವರೆಗೆ ಅಳೆದರೆ 4.03 ಗುಣಿಸು 3.03, ಅಂದರೆ 12.21. ಮಧ್ಯರೇಖೆಯವರೆಗೆ ಅಳೆದರೆ 4.23 ಗುಣಿಸು 3.23, ಅಂದರೆ 13.66. ಇಲ್ಲಿ ಗೋಡೆಯ ಎರಡೂ ಬದಿ ಒಂದೇ ರೀತಿ ಇರುವುದರಿಂದ ಗೋಡೆಯ ಮಧ್ಯರೇಖೆಯೂ ಕೋರ್‌ನ ಮಧ್ಯರೇಖೆಯೂ ಒಂದೇ ಜಾಗದಲ್ಲಿ ಬೀಳುತ್ತವೆ. ಹೊರಬದಿಗೆ ಕಲ್ಲಿನ ಹೊದಿಕೆಯೋ ಉಷ್ಣನಿರೋಧಕ ಪದರವೋ ಇದ್ದರೆ ಅವೂ ಬೇರೆಯಾಗುತ್ತವೆ. ನಾಲ್ಕೂ ಗೋಡೆಗಳ ಹೊರಮೈವರೆಗೆ ಅಳೆಯಬೇಕೆಂದರೆ 4.46 ಗುಣಿಸು 3.46, ಅಂದರೆ 15.43 ಚದರ ಮೀಟರ್. ಆದರೆ ಈ ಕೊನೆಯ ಸಂಖ್ಯೆಯನ್ನು ರೂಮ್ ಯಾವ ಆಯ್ಕೆಯಲ್ಲೂ ಕೊಡುವುದಿಲ್ಲ. ಒಂದು ಸಣ್ಣ ಕೋಣೆಯಲ್ಲೇ 12.00ಕ್ಕೂ 15.43ಕ್ಕೂ ನಡುವೆ ಕಾಲುಭಾಗಕ್ಕಿಂತ ಹೆಚ್ಚು ಅಂತರವಿದೆ. ವಿಸ್ತೀರ್ಣದ ಜೊತೆಗೆ ಅದನ್ನು ಎಲ್ಲಿಂದ ಎಲ್ಲಿಗೆ ಅಳೆದರು ಎಂಬುದನ್ನು ಹೇಳದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಏರಿಯಾ ಇರುವುದು ನಿಯಮಗಳಿಗಾಗಿ

ಏರಿಯಾ ಎರಡು ಆಯಾಮಗಳದ್ದು. ಅದಕ್ಕೆ ಎತ್ತರವಿಲ್ಲ, ಘನ ಅಳತೆಯಿಲ್ಲ, ಬಾಗಿಲುಗಳೊಂದಿಗೆ ಸಂಬಂಧವಿಲ್ಲ. ಅದು ಸಾಮಾನ್ಯ ನಕ್ಷೆಯಲ್ಲಿ ಇರುವುದೂ ಇಲ್ಲ. ಏರಿಯಾ ಪ್ಲಾನ್ ಎಂಬ ಪ್ರತ್ಯೇಕ ನೋಟದಲ್ಲಿ ಮಾತ್ರ ಇರುತ್ತದೆ. ಗೋಡೆಗಳನ್ನು ಅದು ತಾನಾಗಿ ಗುರುತಿಸುವುದಿಲ್ಲ, ಏರಿಯಾ ಬೌಂಡರಿ ಎಂಬ ಗೆರೆಗಳನ್ನಷ್ಟೇ ಎಲ್ಲೆಯಾಗಿ ಒಪ್ಪುತ್ತದೆ. ಈ ಪಟ್ಟಿ ಕೊರತೆಗಳ ಪಟ್ಟಿಯಂತೆ ತೋರಬಹುದು. ಎಲ್ಲೆ ಎಲ್ಲಿರಬೇಕೆಂದು ಗೋಡೆಯನ್ನು ಕೇಳದೆ ನಾವೇ ಹೇಳಬಹುದು ಎಂಬ ಸ್ವಾತಂತ್ರ್ಯ ಬರುವುದು ಇದರಿಂದಲೇ.

ಆ ಸ್ವಾತಂತ್ರ್ಯ ಏಕೆ ಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ಅಳತೆಯ ಮಾನದಂಡಗಳೇ ಒಳ್ಳೆಯ ನಿದರ್ಶನ. ಕಚೇರಿ ಕಟ್ಟಡಗಳಿಗಾಗಿ 2014ರಲ್ಲಿ ಬಂದ ಐಪಿಎಂಎಸ್ (ಆಸ್ತಿ ಅಳತೆಯ ಅಂತರರಾಷ್ಟ್ರೀಯ ಮಾನದಂಡ) ಎಂಬುದರಲ್ಲಿ, 2023ರಲ್ಲಿ ಎಲ್ಲ ಬಗೆಯ ಕಟ್ಟಡಗಳ ಮಾನದಂಡ ಅದರ ಜಾಗಕ್ಕೆ ಬರುವ ಮೊದಲು, ಮೂರು ಬಗೆಯ ಅಳತೆಗಳಿದ್ದವು. ಮೊದಲನೆಯದು ಕಟ್ಟಡದ ಹೊರಮೈವರೆಗೆ ಅಳೆಯುವಂಥದ್ದು. ಎರಡನೆಯದು ಹೊರಗೋಡೆಯ ಒಳಬದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಆವರಿಸಿದ ಮೇಲ್ಮೈವರೆಗೆ ಅಳೆಯುವಂಥದ್ದು. ಅದು ಗೋಡೆಯೇ ಆಗಿರಬಹುದು, ಕಿಟಕಿಯ ಗಾಜೇ ಆಗಿರಬಹುದು. ಮೂರನೆಯದು ಒಬ್ಬ ಬಾಡಿಗೆದಾರ ಪ್ರತ್ಯೇಕವಾಗಿ ಬಳಸುವ ಜಾಗ: ಹೊರಗೋಡೆಯ ಕಡೆ ಅದೇ ಪ್ರಧಾನ ಒಳಮೈವರೆಗೆ, ಪಕ್ಕದ ಬಾಡಿಗೆದಾರನೊಡನೆ ಹಂಚಿಕೊಂಡ ಗೋಡೆಯ ಕಡೆ ಅದರ ಮಧ್ಯರೇಖೆಯವರೆಗೆ. ಒಂದೇ ಜಾಗದ ಒಂದು ಬದಿ ಒಂದು ನಿಯಮಕ್ಕೆ, ಇನ್ನೊಂದು ಬದಿ ಮತ್ತೊಂದು ನಿಯಮಕ್ಕೆ ಒಳಪಡುವ ಇಂಥ ಅಳತೆಯನ್ನು, ಇಡೀ ಪ್ರಾಜೆಕ್ಟಿಗೆ ಒಂದೇ ಆಯ್ಕೆ ಇರುವ ರೂಮ್‌ನಿಂದ ಪಡೆಯಲು ಸಾಧ್ಯವೇ ಇಲ್ಲ. ಯೋಜನೆ ಯಾವ ದೇಶದ್ದೇ ಆಗಿರಲಿ, ಅಲ್ಲಿನ ನಿಯಮದಲ್ಲಿ ಬಾಲ್ಕನಿಗೆ ಒಂದು, ಮಹಡಿಗಳನ್ನು ಹಾದುಹೋಗುವ ಶಾಫ್ಟ್‌ಗೆ ಒಂದು, ಹಂಚಿಕೊಂಡ ಗೋಡೆಗೆ ಒಂದು ಎಂಬಂತೆ ಬೇರೆ ಬೇರೆ ವಿಧಿಗಳಿದ್ದರೆ ಏರಿಯಾ ಬಿಟ್ಟರೆ ಬೇರೆ ದಾರಿಯಿಲ್ಲ.

ಏರಿಯಾದ ಇನ್ನೊಂದು ಬಲ ಏರಿಯಾ ಸ್ಕೀಮ್, ಅಂದರೆ ಒಂದು ನಿಯಮಕ್ಕೆ ಸೇರಿದ ಏರಿಯಾಗಳ ಪ್ರತ್ಯೇಕ ಗುಂಪು. ರೆವಿಟ್‌ನಲ್ಲಿ ಗ್ರಾಸ್ ಬಿಲ್ಡಿಂಗ್ (ಇಡೀ ಕಟ್ಟಡ) ಮತ್ತು ರೆಂಟಬಲ್ (ಬಾಡಿಗೆಗೆ ಕೊಡುವ ಜಾಗ) ಎಂಬ ಎರಡು ಸ್ಕೀಮ್‌ಗಳು ಮೊದಲೇ ಇರುತ್ತವೆ. ಬೇಕಾದಷ್ಟನ್ನು ನಾವು ಸೇರಿಸಬಹುದು. ಒಂದು ಸ್ಕೀಮಿನ ಗೆರೆಗಳು ಇನ್ನೊಂದು ಸ್ಕೀಮಿನಲ್ಲಿ ಕಾಣುವುದಿಲ್ಲ, ಪರಿಣಾಮ ಬೀರುವುದೂ ಇಲ್ಲ. ಹಾಗಾಗಿ ಒಂದೇ ಮಹಡಿಯನ್ನು ಅನುಮತಿಗಾಗಿ ಒಂದು ರೀತಿ, ಬಾಡಿಗೆಗಾಗಿ ಇನ್ನೊಂದು ರೀತಿ, ಬೆಂಕಿ ವಲಯಗಳಿಗಾಗಿ ಮತ್ತೊಂದು ರೀತಿ ಭಾಗ ಮಾಡಿ, ಮೂರನ್ನೂ ಒಂದೇ ಮಾಡೆಲಿನಲ್ಲಿ ಇಟ್ಟುಕೊಳ್ಳಬಹುದು. ರೂಮ್‌ಗಳಿಂದ ಇದನ್ನು ಮಾಡಲು ಹೊರಟರೆ ಒಂದು ಜಾಗಕ್ಕೆ ಒಂದೇ ರೂಮ್ ಎಂಬ ಮಿತಿ ಅಡ್ಡ ಬರುತ್ತದೆ.

ಸ್ಕೀಮನ್ನು ಅಳಿಸುವಾಗ ಮಾತ್ರ ಬಹಳ ಎಚ್ಚರ ಬೇಕು. ಅದರೊಂದಿಗೆ ಅದಕ್ಕೆ ಸೇರಿದ ಏರಿಯಾ ಪ್ಲಾನ್‌ಗಳೂ ಏರಿಯಾಗಳೂ ಅಳಿದುಹೋಗುತ್ತವೆ.

ಕೆಲಸ ಆರಂಭಿಸುವ ಕ್ರಮ

ಮೊದಲು ರೂಮ್‌ಗಳನ್ನು ಸರಿಪಡಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ರೂಮ್ ತನ್ನ ಎಲ್ಲೆಯನ್ನು ತಾನೇ ಕಂಡುಕೊಳ್ಳುವುದರಿಂದ ಮಾಡೆಲಿನಲ್ಲಿರುವ ತಪ್ಪುಗಳನ್ನು ಅದು ಹೊರಗೆಳೆಯುತ್ತದೆ: ಎರಡು ಗೋಡೆಗಳು ಮೂಲೆಯಲ್ಲಿ ಸೇರದಿದ್ದರೆ ನಾಟ್ ಎನ್‌ಕ್ಲೋಸ್ಡ್ ಎನ್ನುತ್ತದೆ, ಬೇರೆ ಫೈಲಿನಿಂದ ಲಿಂಕ್ ಮಾಡಿದ ಗೋಡೆಗಳನ್ನು ಗುರುತಿಸದಿದ್ದರೆ ಎಲ್ಲೆ ಮೀರಿ ಹರಡುತ್ತದೆ. ಲಿಂಕ್ ಮಾಡಿದ ಮಾಡೆಲಿನ ಗೋಡೆಗಳು ಎಲ್ಲೆಯಾಗಬೇಕಾದರೆ ಆ ಲಿಂಕಿನ ಟೈಪ್ ಪ್ರಾಪರ್ಟೀಸ್‌ನಲ್ಲಿ ರೂಮ್ ಬೌಂಡಿಂಗ್ ಗುರುತು ಹಾಕಬೇಕು. ಲಿಫ್ಟ್, ಮೆಟ್ಟಿಲುಗಳಿರುವ ಕಟ್ಟಡದ ನಡುಭಾಗ ಮತ್ತು ಹೊರಗೋಡೆಗಳು ಒಂದು ಫೈಲಿನಲ್ಲಿ, ಒಳಾಂಗಣ ಇನ್ನೊಂದರಲ್ಲಿ ಇರುವ ಯೋಜನೆಗಳಲ್ಲಿ ಈ ಒಂದು ಗುರುತು ಮರೆತುಹೋಗುವುದು ಅತ್ಯಂತ ಸಾಮಾನ್ಯ.

ವಿಸ್ತೀರ್ಣವನ್ನು ಯಾವ ಮೇಲ್ಮೈವರೆಗೆ ಅಳೆಯಬೇಕೆಂಬ ಆಯ್ಕೆಯನ್ನು ಮೊದಲ ರೂಮ್ ಇಡುವ ಮುನ್ನವೇ ತೀರ್ಮಾನಿಸಿ, ಬದಲಿಸಬಾರದೆಂದು ತಂಡದವರಿಗೆಲ್ಲ ತಿಳಿಸಬೇಕು. ರೂಮ್‌ಗಳನ್ನು ಮುಕ್ತಾಯದ ಮೇಲ್ಮೈವರೆಗೆ ಅಳೆಯುವುದನ್ನೇ ನಾನು ಸಲಹೆ ಮಾಡುತ್ತೇನೆ. ನೆಲಹಾಸು, ಬಣ್ಣ, ಸೀಲಿಂಗ್‌ಗಳ ಪ್ರಮಾಣಕ್ಕೆ ಬೇಕಾದದ್ದು ಅದೇ ಅಳತೆ. ಕಟ್ಟಿದ ಮೇಲೆ ಟೇಪ್ ಹಿಡಿದು ನೋಡಿದಾಗ ಸಿಗುವುದೂ ಅದೇ. ಬೇರೆ ಬಗೆಯ ಎಲ್ಲ ಅಳತೆಗಳನ್ನೂ ಏರಿಯಾಗೆ ಬಿಟ್ಟರೆ ಎರಡರ ನಡುವೆ ಗೊಂದಲ ಉಳಿಯುವುದಿಲ್ಲ.

ಇನ್ನು ಎತ್ತರದ ವಿಷಯ. ರೂಮ್‌ನ ಎಲ್ಲೆಯನ್ನು ಸಾಫ್ಟ್‌ವೇರ್ ಹುಡುಕುವುದು ಲೆವೆಲ್‌ಗೆ ಸೇರಿದ ಕಂಪ್ಯುಟೇಷನ್ ಹೈಟ್ ಎಂಬ ಎತ್ತರದಲ್ಲಿ. ಗೋಡೆಗಳೆಲ್ಲ ಲಂಬವಾಗಿ ನಿಂತಿದ್ದರೆ ಇದರ ಬಗ್ಗೆ ಯೋಚಿಸಬೇಕಾಗಿಲ್ಲ. ಗೋಡೆ ಓರೆಯಾಗಿದ್ದರೆ, ಅಥವಾ ಲೆವೆಲ್‌ಗಿಂತ ಮೇಲಿನಿಂದ ಆರಂಭವಾಗುತ್ತಿದ್ದರೆ, ಈ ಎತ್ತರ ಬದಲಾದಂತೆ ವಿಸ್ತೀರ್ಣವೂ ಬದಲಾಗುತ್ತದೆ, ಕೆಲವೊಮ್ಮೆ ರೂಮ್ ಮುಚ್ಚಿಕೊಳ್ಳುವುದೇ ಇಲ್ಲ. ಈ ಗುಣ ಇಡೀ ಲೆವೆಲ್‌ಗೆ ಸೇರಿದ್ದರಿಂದ ಒಂದು ಕೋಣೆಗಾಗಿ ಅದನ್ನು ಬದಲಿಸಿದರೆ ಆ ಮಹಡಿಯ ಎಲ್ಲ ಕೋಣೆಗಳಿಗೂ ತಟ್ಟುತ್ತದೆ ಎಂಬುದು ನೆನಪಿರಲಿ. ಘನ ಅಳತೆ ಬೇಕಿದ್ದರೆ ಕಂಪ್ಯುಟೇಷನ್ಸ್ ಕಿಟಕಿಯಲ್ಲಿ ಏರಿಯಾಸ್ ಅಂಡ್ ವಾಲ್ಯೂಮ್ಸ್ ಆಯ್ಕೆಯನ್ನು ತೆರೆದು, ರೂಮ್‌ನ ಮೇಲ್ಮಿತಿಯನ್ನು ಸೀಲಿಂಗ್ ಅಥವಾ ಚಾವಣಿಗಿಂತ ಮೇಲಕ್ಕೆ ಎತ್ತಿಡಬೇಕು. ಆಗ ರೂಮ್ ಸೀಲಿಂಗಿಗೆ ತಾಗಿ ನಿಲ್ಲುತ್ತದೆ. ದೊಡ್ಡ ಮಾಡೆಲಿನಲ್ಲಿ ಇದು ಕೆಲಸವನ್ನು ನಿಧಾನಗೊಳಿಸುವುದರಿಂದ ಬೇಡವಾದಾಗ ಮುಚ್ಚಿಡುವುದು ಒಳ್ಳೆಯದು.

ಏರಿಯಾದ ಕೆಲಸ ಇದಾದ ನಂತರ ಬರಬೇಕು. ಅಳತೆಯ ನಿಯಮವನ್ನು ಮೊದಲು ಕಾಗದದ ಮೇಲೆ, ಒಂದೊಂದು ಬಗೆಯ ಗೋಡೆಗೂ ಎಲ್ಲೆ ಎಲ್ಲಿ ಬೀಳುತ್ತದೆ ಎಂದು ಚಿಕ್ಕ ಚಿತ್ರ ಬರೆದು ಸ್ಪಷ್ಟಪಡಿಸಿಕೊಳ್ಳಬೇಕು. ಹೊರಗೋಡೆ, ಹಂಚಿಕೊಂಡ ಗೋಡೆ, ಕಾರಿಡಾರಿನ ಗೋಡೆ, ಲಿಫ್ಟ್ ಮತ್ತು ಮೆಟ್ಟಿಲಿನ ಗೋಡೆ, ಬಾಲ್ಕನಿಯ ಅಂಚು ಇವಿಷ್ಟಕ್ಕೆ ಉತ್ತರ ಸಿಕ್ಕರೆ ಸಾಮಾನ್ಯವಾಗಿ ಸಾಕಾಗುತ್ತದೆ. ನಂತರ ಆ ನಿಯಮದ ಹೆಸರಿನಲ್ಲೇ ಒಂದು ಸ್ಕೀಮ್ ಮಾಡಿ, ಪ್ರತಿ ಮಹಡಿಗೂ ಏರಿಯಾ ಪ್ಲಾನ್ ತೆಗೆಯಬೇಕು. ಪ್ಲಾನ್ ತೆಗೆಯುವಾಗ ಹೊರಗೋಡೆಗಳ ಗುಂಟ ಗೆರೆಗಳನ್ನು ತಾನೇ ಎಳೆಯಲೇ ಎಂದು ಸಾಫ್ಟ್‌ವೇರ್ ಕೇಳುತ್ತದೆ. ಸರಳವಾದ ಆಕಾರದ ಕಟ್ಟಡಕ್ಕೆ ಹೌದೆನ್ನಬಹುದು. ಹೊರಗೋಡೆಗಳು ಮುರಿದು ಮುರಿದು ಸಾಗುವ, ಕರ್ಟನ್ ವಾಲ್‌ಗಳು ಬೆರೆತ ಕಟ್ಟಡದಲ್ಲಿ ಬಂದ ಗೆರೆಗಳನ್ನು ತಿದ್ದುವುದಕ್ಕಿಂತ ಹೊಸದಾಗಿ ಎಳೆಯುವುದೇ ಸುಲಭ.

ಗೆರೆ ಎಳೆಯುವುದರಲ್ಲಿ ಎರಡು ವಿಧಾನಗಳಿದ್ದು, ಇವುಗಳ ಭೇದವನ್ನು ತಿಳಿಯದೆ ಮುಂದುವರಿಯಬಾರದು. ಗೋಡೆಯನ್ನು ಆರಿಸಿ ಗೆರೆ ಇಟ್ಟರೆ ಗೋಡೆ ಸರಿದಾಗ ಗೆರೆಯೂ ಸರಿಯುತ್ತದೆ. ಕೈಯಿಂದ ಎಳೆದ ಗೆರೆ ಇದ್ದಲ್ಲೇ ಉಳಿಯುತ್ತದೆ. ಆರಿಸುವಾಗ ಅಪ್ಲೈ ಏರಿಯಾ ರೂಲ್ಸ್ ಎಂಬ ಗುರುತು ಹಾಕಿದರೆ, ಏರಿಯಾಕ್ಕೆ ನಾವು ಕೊಡುವ ಏರಿಯಾ ಟೈಪ್‌ಗೆ ತಕ್ಕಂತೆ ಗೆರೆ ತಾನೇ ಗೋಡೆಯ ಹೊರಮೈಗೋ ಮಧ್ಯಕ್ಕೋ ಒಳಮೈಗೋ ಸರಿದು ನಿಲ್ಲುತ್ತದೆ. ಕಚೇರಿ ಜಾಗ, ಅಂಗಡಿ ಜಾಗ, ಕಟ್ಟಡದ ಸಾಮಾನ್ಯ ಜಾಗ, ಮಹಡಿಗಳನ್ನು ಸೀಳಿ ಹೋಗುವ ಲಂಬ ತೆರಪು ಮುಂತಾದ ಟೈಪ್‌ಗಳು ಅಲ್ಲಿವೆ. ಈ ನಿಯಮಗಳು ಸಾಫ್ಟ್‌ವೇರಿನೊಳಗೆ ಮೊದಲೇ ಕಟ್ಟಿಟ್ಟವು. ಕಚೇರಿ ಕಟ್ಟಡಗಳ ಬಾಡಿಗೆ ಅಳತೆಯನ್ನು ಗಮನದಲ್ಲಿಟ್ಟು ಮಾಡಿದವು. ನಿಮ್ಮ ನಿಯಮ ಅವುಗಳಿಗೆ ಹೊಂದಿದರೆ ಬಳಸಿ. ಹೊಂದದಿದ್ದರೆ ಆ ಗುರುತನ್ನು ತೆಗೆದು, ಗೋಡೆಯ ಬೇಕಾದ ಮೇಲ್ಮೈಯನ್ನು ನೀವೇ ಆರಿಸಿ. ಒಂದೇ ಸ್ಕೀಮಿನಲ್ಲಿ ಕೆಲವು ಗೆರೆಗಳು ನಿಯಮದಿಂದ ಸರಿದವು, ಕೆಲವು ಕೈಯಿಂದ ಇಟ್ಟವು ಎಂದಾದರೆ, ಟೈಪ್ ಬದಲಾದ ದಿನ ಯಾವ ಗೆರೆ ಏಕೆ ಸರಿಯಿತೆಂದು ಹುಡುಕುವುದು ಬಹಳ ಕಷ್ಟ.

ಎರಡು ಮಹಡಿ ಎತ್ತರದ ಹಜಾರವಿದ್ದರೆ ಮೇಲಿನ ಮಹಡಿಯ ಏರಿಯಾ ಪ್ಲಾನ್‌ನಲ್ಲಿ ಆ ತೆರಪಿನ ಸುತ್ತ ಗೆರೆ ಹಾಕುವುದನ್ನು ಮರೆಯಬಾರದು. ಏರಿಯಾಕ್ಕೆ ನೆಲ ಎಲ್ಲಿದೆ, ಎಲ್ಲಿಲ್ಲ ಎಂಬುದು ಗೊತ್ತಿಲ್ಲ. ಗೆರೆ ಹಾಕದಿದ್ದರೆ ಗಾಳಿಯಲ್ಲಿರುವ ಜಾಗವೂ ವಿಸ್ತೀರ್ಣಕ್ಕೆ ಸೇರಿಹೋಗುತ್ತದೆ.

ನಿರ್ಧಾರ ಕಷ್ಟವೆನಿಸುವ ಸಂದರ್ಭಗಳು

ಇಳಿಜಾರು ಚಾವಣಿಯ ಕೆಳಗಿನ ಅಟ್ಟ ಇಂಥದ್ದೊಂದು. ತಲೆ ತಾಗದೆ ನಿಲ್ಲಲಾಗದ ಜಾಗವನ್ನು ಎಣಿಸಬಾರದೆಂದು ನಿಯಮವೊಂದು 1.5 ಮೀಟರ್ ಎತ್ತರವನ್ನು ಮಿತಿಯಾಗಿ ಹೇಳಿದೆ ಎಂದುಕೊಳ್ಳೋಣ. ಕಂಪ್ಯುಟೇಷನ್ ಹೈಟನ್ನು 1.5 ಮೀಟರಿಗೆ ಏರಿಸಿ ರೂಮ್‌ನಿಂದಲೇ ಆ ಸಂಖ್ಯೆ ತೆಗೆಯುವ ಉಪಾಯ ಕೆಲವರಿಗೆ ಹಿಡಿಸುತ್ತದೆ. ಅದರಿಂದ ಸಂಖ್ಯೆಯೇನೋ ಸಿಗುತ್ತದೆ, ಆದರೆ ನೆಲಹಾಸಿನ ಪ್ರಮಾಣ ತಪ್ಪಾಗುತ್ತದೆ, ಏಕೆಂದರೆ ನೆಲ ಚಾವಣಿಯ ಬುಡದವರೆಗೂ ಇದೆ. ರೂಮ್ ನೆಲದ ಮಟ್ಟದಲ್ಲಿ ಅಳೆಯಲಿ, 1.5 ಮೀಟರಿನ ಗೆರೆಯನ್ನು ಏರಿಯಾ ಪ್ಲಾನ್‌ನಲ್ಲಿ ಎಳೆದು ಎಣಿಕೆಯ ವಿಸ್ತೀರ್ಣವನ್ನು ಅಲ್ಲಿಂದ ಪಡೆಯಬೇಕು.

ಹಳೆಯ ಕಟ್ಟಡದ ನವೀಕರಣ ಇನ್ನೊಂದು. ರೂಮ್ ನಿರ್ಮಾಣದ ಒಂದು ಹಂತಕ್ಕೆ (ಫೇಸ್) ಸೇರಿರುತ್ತದೆ. ಈಗಿರುವ ಸ್ಥಿತಿಯ ರೂಮ್‌ಗಳು ಬೇರೆ, ಹೊಸ ನಿರ್ಮಾಣದ ರೂಮ್‌ಗಳು ಬೇರೆ, ಕೆಡವಿದ ಗೋಡೆ ಹೊಸ ರೂಮ್‌ಗೆ ಎಲ್ಲೆಯಾಗುವುದಿಲ್ಲ. ಏರಿಯಾಗೆ ಹಂತದ ಅರಿವಿಲ್ಲ. ಹಾಗಾಗಿ ನವೀಕರಣದ ಮುಂಚಿನ ಮತ್ತು ನಂತರದ ವಿಸ್ತೀರ್ಣಗಳನ್ನು ನಿಯಮದ ಪ್ರಕಾರ ತೋರಿಸಬೇಕಾದರೆ ಎರಡು ಪ್ರತ್ಯೇಕ ಸ್ಕೀಮ್‌ಗಳನ್ನು ಮಾಡಬೇಕಾಗುತ್ತದೆ. ಸ್ಕೀಮ್‌ಗಳ ಹೆಸರಿನಲ್ಲೇ ಮುಂಚಿನದು, ನಂತರದ್ದು ಎಂದು ಸ್ಪಷ್ಟವಾಗಿ ಬರೆಯಿರಿ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಏರಿಯಾ ಮಾಡಬೇಕಾದ ಕೆಲಸಕ್ಕೆ ರೂಮ್ ಸೆಪರೇಟರ್‌ಗಳನ್ನು ಬಳಸುವ ಅಭ್ಯಾಸ. ಗೋಡೆಗಳ ರೂಮ್ ಬೌಂಡಿಂಗ್ ಗುರುತುಗಳನ್ನು ತೆಗೆದು, ಗೋಡೆಯ ಮಧ್ಯದಲ್ಲಿ ಸೆಪರೇಟರ್ ಎಳೆದು, ಇಡೀ ಫ್ಲ್ಯಾಟನ್ನು ಒಂದೇ ರೂಮ್ ಮಾಡಿದ ಮಾಡೆಲ್‌ಗಳು ಅಪರೂಪವಲ್ಲ. ವಿಸ್ತೀರ್ಣದ ಒಂದು ಪಟ್ಟಿ ಅದರಿಂದ ಸರಿಯಾಗಿ ಬರುತ್ತದೆ. ಆದರೆ ಮಲಗುವ ಕೋಣೆಯ ಬಾಗಿಲು ಯಾವ ಕೋಣೆಗೆ ತೆರೆಯುತ್ತದೆಂದು ಹೇಳಲಾಗದು, ಅಡುಗೆಮನೆಯ ನೆಲಹಾಸನ್ನು ಬೇರೆಯಾಗಿ ಬರೆಯಲಾಗದು, ಗೋಡೆ ಸರಿದಾಗ ಸೆಪರೇಟರ್ ಹಿಂದೆಯೇ ಉಳಿದು ಎರಡೂ ಒಂದರ ಮೇಲೊಂದು ಬಿದ್ದ ಎಚ್ಚರಿಕೆಗಳು ಗುಡ್ಡೆಯಾಗುತ್ತವೆ. ಇದರ ಬದಲು ಕೋಣೆಗಳಿಗೆ ರೂಮ್, ಫ್ಲ್ಯಾಟಿಗೆ ಏರಿಯಾ ಎಂದು ಹಂಚಿಕೊಂಡು, ಫ್ಲ್ಯಾಟ್ ಸಂಖ್ಯೆ ಎಂಬ ಒಂದೇ ಪ್ಯಾರಾಮೀಟರನ್ನು ಎರಡಕ್ಕೂ ಜೋಡಿಸಿದರೆ, ರೂಮ್ ಶೆಡ್ಯೂಲನ್ನು ಆ ಸಂಖ್ಯೆಯಿಂದ ಗುಂಪು ಮಾಡಿ ಪ್ರತಿ ಫ್ಲ್ಯಾಟಿನ ಒಳ ವಿಸ್ತೀರ್ಣದ ಮೊತ್ತವನ್ನೂ, ಏರಿಯಾ ಶೆಡ್ಯೂಲಿನಿಂದ ನಿಯಮದ ವಿಸ್ತೀರ್ಣವನ್ನೂ ಪಡೆದು ಪಕ್ಕಪಕ್ಕದಲ್ಲಿ ಇಡಬಹುದು. ಎರಡೂ ಒಂದೇ ಶೆಡ್ಯೂಲಿನಲ್ಲಿ ಸೇರುವುದಿಲ್ಲ. ಒಂದರ ಹೆಸರು ಬದಲಾದರೆ ಇನ್ನೊಂದರದ್ದು ತಾನಾಗಿ ಬದಲಾಗುವುದೂ ಇಲ್ಲ. ಆ ಹೊಂದಾಣಿಕೆಯನ್ನು ಒಬ್ಬರು ಜವಾಬ್ದಾರಿಯಿಂದ ನೋಡಿಕೊಳ್ಳಬೇಕಾಗುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ, ಆದರೆ ಅದು ಕಡಿಮೆ. ವಿನ್ಯಾಸದ ಆರಂಭದಲ್ಲಿ ಗೋಡೆಗಳೇ ಇಲ್ಲದಿರುವಾಗ ಏರಿಯಾಗಳಿಂದ ಜಾಗ ಹಂಚುವುದು ಸುಲಭವಾದ್ದರಿಂದ ಕೆಲವರು ಕೊನೆಯವರೆಗೂ ಅದರಲ್ಲೇ ಉಳಿಯುತ್ತಾರೆ. ಗೋಡೆಗಳು ನಿಂತ ಕೂಡಲೇ ಕೋಣೆಗಳನ್ನು ರೂಮ್‌ಗಳಾಗಿ ಮಾಡದಿದ್ದರೆ ಬಾಗಿಲು, ಮುಕ್ತಾಯ, ಸಲಕರಣೆಗಳ ಪಟ್ಟಿಗಳನ್ನೆಲ್ಲ ಕೈಯಿಂದಲೇ ತುಂಬಬೇಕಾದೀತು.

ಹವಾನಿಯಂತ್ರಣ ಮತ್ತು ವಿದ್ಯುತ್ ವಿನ್ಯಾಸಕರು ಬಳಸುವ ಸ್ಪೇಸ್ ಎಂಬ ಮೂರನೆಯ ಅಂಶವೂ ರೆವಿಟ್‌ನಲ್ಲಿದೆ. ಅದು ರೂಮ್‌ನಂತೆಯೇ ಗೋಡೆಗಳಿಗೆ ಹರಡಿಕೊಳ್ಳುತ್ತದೆ, ಆದರೆ ಉಷ್ಣದ ಹೊರೆ, ಗಾಳಿಯ ಹರಿವುಗಳ ಲೆಕ್ಕಕ್ಕಾಗಿ ಇರುವಂಥದ್ದು. ವಿಸ್ತೀರ್ಣದ ಪಟ್ಟಿಗಳಿಗೆ ಅದನ್ನು ತರಬೇಕಾಗಿಲ್ಲ. ಆರ್ಕಿಕ್ಯಾಡ್ ಎಂಬ ಇನ್ನೊಂದು ಸಾಫ್ಟ್‌ವೇರ್ ಬಳಸುವವರಿಗೆ ಝೋನ್ ಎಂಬ ಒಂದೇ ಸಾಧನವಿದ್ದು, ಅದನ್ನು ಗೋಡೆಯ ಒಳ ಅಂಚಿನವರೆಗೋ, ರೆಫರೆನ್ಸ್ ಗೆರೆಯವರೆಗೋ, ಕೈಯಿಂದ ಬಿಡಿಸಿಯೋ ರೂಪಿಸಬಹುದು. ಅಲ್ಲಿ ಅಂಶದ ಆಯ್ಕೆಯಿಲ್ಲದಿದ್ದರೂ ಪ್ರಶ್ನೆ ಅದೇ ಉಳಿಯುತ್ತದೆ: ಕೋಣೆಗಳ ಝೋನ್‌ಗಳನ್ನೂ ನಿಯಮದ ಝೋನ್‌ಗಳನ್ನೂ ಬೇರೆ ಬೇರೆ ವರ್ಗ ಮತ್ತು ಲೇಯರ್‌ಗಳಲ್ಲಿ ಇಟ್ಟುಕೊಳ್ಳಬೇಕು.

ಪಟ್ಟಿಯನ್ನು ಹೊರಗೆ ಕೊಡುವ ಮುನ್ನ

ಶೆಡ್ಯೂಲಿನಲ್ಲಿ ದಶಮಾಂಶಗಳ ಸಂಖ್ಯೆಯನ್ನು ಕಡಿಮೆ ಮಾಡಿದಾಗ ಕಾಣುವ ಸಂಖ್ಯೆಗಳಷ್ಟೇ ಹತ್ತಿರದ ಸಂಖ್ಯೆಗೆ ಸರಿಹೊಂದುತ್ತವೆ, ಮೊತ್ತ ಮಾತ್ರ ಒಳಗಿರುವ ನಿಖರ ಬೆಲೆಗಳಿಂದಲೇ ಬರುತ್ತದೆ. ಉದಾಹರಣೆಗೆ 10.4 ಚದರ ಮೀಟರಿನ ಮೂರು ಕೋಣೆಗಳು ತಲಾ 10 ಎಂದು ಕಂಡು, ಮೊತ್ತ 31 ಎಂದು ಕಾಣಬಹುದು. ಓದುವವರು ಇದನ್ನು ತಪ್ಪೆಂದೇ ತಿಳಿಯುತ್ತಾರೆ. ರೂಮ್ ಮತ್ತು ಏರಿಯಾ ಪಟ್ಟಿಗಳೆರಡರಲ್ಲೂ ಎರಡು ದಶಮಾಂಶ ಇಟ್ಟರೆ ಈ ವ್ಯತ್ಯಾಸ ಗಮನಕ್ಕೆ ಬಾರದಷ್ಟು ಚಿಕ್ಕದಾಗುತ್ತದೆ. ಪಟ್ಟಿಯ ತಲೆಬರಹದಲ್ಲೇ ಅಳತೆಯ ನಿಯಮವನ್ನು, ಅಂದರೆ ಮುಕ್ತಾಯದ ಮೇಲ್ಮೈವರೆಗೆ ಎಂದೋ ಹೊರಗೋಡೆಯ ಹೊರಮೈವರೆಗೆ ಎಂದೋ, ಬರೆದಿಡುವುದನ್ನು ಕಡ್ಡಾಯ ಮಾಡಿಕೊಳ್ಳಿ.

ಎರಡೂ ಅಂಶಗಳು ಮಾಡೆಲಿನಲ್ಲಿದ್ದಾಗ ಒಂದರಿಂದ ಇನ್ನೊಂದನ್ನು ಪರೀಕ್ಷಿಸಬಹುದು ಎಂಬುದು ಈ ಇಡೀ ವ್ಯವಸ್ಥೆಯಿಂದ ಸಿಗುವ ದೊಡ್ಡ ಅನುಕೂಲ. ಒಂದು ಮಹಡಿಯ ಗ್ರಾಸ್ ಏರಿಯಾ 450 ಚದರ ಮೀಟರ್ ಎಂದೂ, ಅದೇ ಮಹಡಿಯಲ್ಲಿ ಮುಕ್ತಾಯದ ಮೇಲ್ಮೈವರೆಗೆ ಅಳೆದ ರೂಮ್‌ಗಳ ಮೊತ್ತ 396 ಎಂದೂ ಇಟ್ಟುಕೊಳ್ಳೋಣ. ನಡುವಿನ 54 ಚದರ ಮೀಟರ್ ಗೋಡೆ, ಕಂಬ ಮತ್ತು ಶಾಫ್ಟ್‌ಗಳ ಪಾಲಾಗಿರಬೇಕು. ಗೋಡೆಗಳ ಶೆಡ್ಯೂಲಿನಲ್ಲಿ ಉದ್ದವನ್ನು ದಪ್ಪದಿಂದ ಗುಣಿಸುವ ಒಂದು ಲೆಕ್ಕದ ಕಾಲಮ್ ಹಾಕಿದರೆ ಗೋಡೆಗಳು ತುಳಿದಿರುವ ಜಾಗ ಸಿಗುತ್ತದೆ. ಮೂಲೆಗಳಲ್ಲಿ ಗೋಡೆಗಳು ಸೇರುವಲ್ಲಿ ಅಲ್ಪಸ್ವಲ್ಪ ಹೆಚ್ಚುಕಡಿಮೆ ಆಗುವುದನ್ನು ಒಪ್ಪಿಕೊಳ್ಳಬೇಕು. ಅದು 42 ಎಂದೂ, ಕಂಬ ಮತ್ತು ಶಾಫ್ಟ್‌ಗಳು ಸೇರಿ 7 ಎಂದೂ ಬಂದರೆ ಇನ್ನೂ 5 ಚದರ ಮೀಟರ್ ಲೆಕ್ಕಕ್ಕೆ ಸಿಗದೆ ಉಳಿಯುತ್ತದೆ. ಮೂಲೆಗಳ ವ್ಯತ್ಯಾಸದಿಂದ ಇಷ್ಟು ಬರುವುದಿಲ್ಲ. ಆಗ ಮಹಡಿಯ ನಕ್ಷೆಯಲ್ಲಿ ರೂಮ್‌ಗಳಿಗೆ ಬಣ್ಣ ತುಂಬಿ ನೋಡಿದರೆ ಬಣ್ಣ ಹತ್ತದ ಜಾಗ ಕೂಡಲೇ ಕಾಣುತ್ತದೆ: ರೂಮ್ ಇಡಲು ಮರೆತ ಉಗ್ರಾಣವೋ, ಮೆಟ್ಟಿಲಿನ ಕೆಳಗಿನ ಜಾಗವೋ, ಶಾಫ್ಟ್ ಎಂದು ಯಾರೂ ಗುರುತಿಸದೆ ಬಿಟ್ಟ ತೆರಪೋ ಅದು ಆಗಿರುತ್ತದೆ. ಎಲ್ಲೆಡೆ ಬಣ್ಣ ತುಂಬಿದ್ದರೆ ಏರಿಯಾದ ಗೆರೆಗಳ ಕಡೆಗೆ ತಿರುಗಬೇಕು. ಗೋಡೆ ಒಳಕ್ಕೆ ಸರಿದ ಮೇಲೂ ಹಳೆಯ ಜಾಗದಲ್ಲೇ ಉಳಿದ, ಕೈಯಿಂದ ಎಳೆದ ಗೆರೆಯೊಂದು ಅಲ್ಲಿ ಸಿಗುವ ಸಂಭವ ಹೆಚ್ಚು. ಈ ಪರೀಕ್ಷೆಯನ್ನು ಪ್ರತಿ ಮಹಡಿಗೂ, ಪ್ರತಿ ಬಾರಿ ಪಟ್ಟಿ ಹೊರಹೋಗುವ ಮುನ್ನ, ಮೇಲೆ ಹೇಳಿದ ಕ್ರಮದಲ್ಲೇ ಮಾಡಿರಿ.